ನಡುಮನೆಗೆ ಬಿಸಿಲು ಇಳಿಸಿದ್ದು: ಎರಡು ಸಾದಾ ಕನ್ನಡಿ, ಒಂದು ಉಬ್ಬು ಕನ್ನಡಿ

ಕೊಪ್ಪಳದ ಹತ್ತಿರದ ಹಳ್ಳಿಯಲ್ಲಿ ನಮ್ಮ ದೊಡ್ಡಪ್ಪನದು ಹಳೇ ಮಾಳಿಗೆ ಮನೆ. ತೊಲೆ, ಜಂತಿ, ಅದರ ಮೇಲೆ ಹಲಗೆ, ಹಲಗೆ ಮೇಲೆ ಒಂದೂವರೆ ಅಡಿ ಮಣ್ಣು. ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ಕಾದರೂ ಒಳಗೆ ತಂಪು. ಆದರೆ ನಡುಮನೆಗೆ ಕಿಟಕಿಯೇ ಇಲ್ಲ. ಬೆಳಕು ಬರುವುದು ಮೇಲಿನ ಒಂದು ಬೆಳಕಿಂಡಿಯಿಂದ ಮಾತ್ರ. ಅದು ಒಂದು ಅಡಿ ಚೌಕ, ಮೇಲೊಂದು ಗಾಜು. ಮಣ್ಣು ಅಷ್ಟು ದಪ್ಪ ಇರುವುದರಿಂದ ಬಿಸಿಲು ಸ್ವಲ್ಪ ಓರೆಯಾದರೂ ಸಾಕು, ಕಿಂಡಿಯ ಪಕ್ಕೆಗೆ ಬಡಿದು ಅಲ್ಲೇ ನಿಂತುಬಿಡುತ್ತದೆ. ಲೆಕ್ಕ ಹಾಕಿ ನೋಡಿ: ಅಗಲ 30 ಸೆಂ.ಮೀ., ಆಳ 45 ಸೆಂ.ಮೀ. ಸೂರ್ಯ ನೆತ್ತಿಯಿಂದ 34 ಡಿಗ್ರಿಗಿಂತ ಜಾಸ್ತಿ ವಾಲಿದ್ದರೆ ನೇರ ಬಿಸಿಲು ಒಳಗೆ ಬೀಳುವುದೇ ಇಲ್ಲ. ಜನವರಿಯಲ್ಲಿ ನಡುಮಧ್ಯಾಹ್ನವೂ ಅದು ಸುಮಾರು 35 ಡಿಗ್ರಿ ದಕ್ಷಿಣಕ್ಕೆ ಇರುತ್ತದೆ.

ಹಾಗಾಗಿ ದೊಡ್ಡವ್ವ ಹಾಡಹಗಲೇ ಬಲ್ಬ್ ಹಾಕಿಕೊಂಡು ಜೋಳ ಹಸನು ಮಾಡುತ್ತಾಳೆ. ಕರೆಂಟ್ ಹೋದರೆ ಮೊರ ಎತ್ತಿಕೊಂಡು ಪಡಸಾಲೆಗೆ ಬರಬೇಕು. ಹೊರಗೆ ನೋಡಿದರೆ ಕಣ್ಣು ಬಿಡಲಾಗದಷ್ಟು ಬಿಸಿಲು.

ಗವಿಮಠದ ಜಾತ್ರೆ ಮುಗಿದ ಮೇಲೆ ಈ ಕೆಲಸಕ್ಕೆ ಇಳಿದೆ. ಮಣ್ಣಿನ ಮಾಳಿಗೆಗೆ ಹೊಸ ತೂತು ಹಾಕಿದರೆ ಮಳೆಗಾಲದಲ್ಲಿ ಸೋರುವುದು ಗ್ಯಾರಂಟಿ. ಇರುವ ಕಿಂಡಿಯಿಂದಲೇ ಬಿಸಿಲು ಇಳಿಸಬೇಕು, ಅದಕ್ಕೆ ಕನ್ನಡಿ ಬೇಕು. ಆದರೆ ಎಂಥ ಕನ್ನಡಿ? ಈ ಪ್ರಶ್ನೆಗೇ ನಾನು ಜಾಸ್ತಿ ಸಮಯ ಕೊಟ್ಟೆ. ಕೊಟ್ಟಿದ್ದು ಒಳ್ಳೆಯದೇ ಆಯಿತು. ಹೊಳಪು ನೋಡಿ ಕನ್ನಡಿ ಆರಿಸುವ ಹಾಗಿಲ್ಲ. ಬೆಳಕನ್ನು ಅದು ಯಾವ ದಿಕ್ಕಿಗೆ, ಎಷ್ಟು ಹರಡಿ ಕಳಿಸುತ್ತದೆ ಅನ್ನುವುದನ್ನು ನೋಡಿ ಆರಿಸಬೇಕು.

ಮೊದಲು ಕನ್ನಡಿಗಳ ಪರೀಕ್ಷೆ

ಹೊಳೆಯುವ ವಸ್ತು ಏನೇನು ಸಿಕ್ಕಿತೋ ಎಲ್ಲ ಮಾಳಿಗೆ ಮೇಲೆ ತಂದಿಟ್ಟೆ. ಹಳೇ ಅಲ್ಮೆರಾದ ಸಾದಾ ಕನ್ನಡಿ, ಜಾತ್ರೆಯಲ್ಲಿ ಕೊಂಡ ಗಡ್ಡ ಮಾಡಿಕೊಳ್ಳುವ ದುಂಡು ಕನ್ನಡಿ, ಬೈಕಿನ ಸೈಡ್ ಮಿರರ್, ಗುಜರಿಗೆ ಬಂದಿದ್ದ ಝೆರಾಕ್ಸ್ ಮಷಿನ್ನಿನ ಒಳಗಿನ ಉದ್ದನೆ ಪಟ್ಟಿ ಕನ್ನಡಿ, ಸ್ಟೀಲ್ ತಟ್ಟೆ, ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್. ಜೊತೆಗೆ ಸುಣ್ಣ ಬಳಿದ ಒಂದು ಪ್ಲೈವುಡ್ ತುಂಡು. ಒಂದೊಂದನ್ನೇ ಬಿಸಿಲಿಗೆ ಹಿಡಿದು ಎದುರುಮನೆಯ ಗೋಡೆಗೆ ಬೆಳಕು ಹೊಡೆದೆ.

ಎಲ್ಲಕ್ಕೂ ನಿಯಮ ಒಂದೇ. ಬೆಳಕು ಯಾವ ಕೋನದಲ್ಲಿ ಬಂದು ಬಡಿಯುತ್ತದೋ ಅದೇ ಕೋನದಲ್ಲಿ ಆಚೆ ಕಡೆ ಹೊರಡುತ್ತದೆ. ಕನ್ನಡಿಯ ಮೇಲ್ಮೈ ಎಲ್ಲ ಕಡೆ ಒಂದೇ ಕಡೆಗೆ ಮುಖ ಮಾಡಿರುತ್ತದೆ, ಹಾಗಾಗಿ ಬೆಳಕು ಒಟ್ಟಾಗಿ ಹೋಗುತ್ತದೆ. ಫಾಯಿಲ್‌ನಲ್ಲಿ ಸಣ್ಣ ಸಣ್ಣ ಸುಕ್ಕು. ಅದು ಬೆಳಕನ್ನು ನುಂಗುವುದೇನೂ ಇಲ್ಲ, ಬಹುಪಾಲು ವಾಪಸ್ ಕಳಿಸುತ್ತದೆ. ಆದರೆ ಸುಕ್ಕು ಸುಕ್ಕಿಗೂ ಬೇರೆ ಬೇರೆ ದಿಕ್ಕು. ಗೋಡೆ ಮೇಲೆ ಬರೀ ಗೀಚಿದಂಥ ಬೆಳಕಿನ ಗೆರೆಗಳು ಕಂಡವು. ಸುಣ್ಣದ ಹಲಗೆಯಲ್ಲಂತೂ ಬೆಳಕು ಕಣಗಳ ನಡುವೆ ಹೊಕ್ಕು, ಹತ್ತಾರು ಸಲ ತಿರುಗಿ, ಯಾವ ಕಡೆಗೆ ಬೇಕಾದರೂ ಹೊರಬರುತ್ತದೆ. ಎದುರು ಗೋಡೆಯಲ್ಲಿ ಏನೂ ಕಾಣಲಿಲ್ಲ. ಆದರೆ ಹಲಗೆಯ ಹತ್ತಿರ ಕೈ ಹಿಡಿದರೆ ಕೈಯೆಲ್ಲ ಮೆತ್ತಗೆ ಬೆಳಗಿತು. ಈ ಹಲಗೆಯ ಗುಣ ಆಮೇಲೆ ಉಪಯೋಗಕ್ಕೆ ಬಂತು.

ಸ್ಟೀಲ್ ತಟ್ಟೆ ನೋಡಲು ಎಷ್ಟೇ ಹೊಳೆದರೂ ಬೆಳಕು ಮಂಕು. ಪಾಲಿಶ್ ಮಾಡಿದ ಸ್ಟೀಲ್ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬೆಳಕನ್ನಷ್ಟೇ ವಾಪಸ್ ಕೊಡುತ್ತದೆ. ಬೆಳ್ಳಿ ನೂರಕ್ಕೆ 95ರಷ್ಟು ಕೊಡುತ್ತದೆ, ಅಲ್ಯೂಮಿನಿಯಂ 90ರ ಹತ್ತಿರ. ಗಾಜಿಗೆ ಬೆಳ್ಳಿ ಲೇಪಿಸುವ ರಾಸಾಯನಿಕ ವಿಧಾನ ಕಂಡುಹಿಡಿದದ್ದು ಜರ್ಮನಿಯ ಲೀಬಿಗ್, 1835ರಲ್ಲಿ. ಇವತ್ತಿನ ಬೆಳ್ಳಿ ಕನ್ನಡಿಯೂ ಹೆಚ್ಚು ಕಡಿಮೆ ಅದೇ ಉಪಾಯದ್ದು. ಮನೆಯ ಕನ್ನಡಿಯಲ್ಲಿ ಬೆಳ್ಳಿ ಇರುವುದು ಗಾಜಿನ ಹಿಂದೆ. ಬೆಳಕು ಗಾಜಿನೊಳಗೆ ಹೋಗಿ, ಬೆಳ್ಳಿಗೆ ಬಡಿದು, ಮತ್ತೆ ಗಾಜನ್ನು ದಾಟಿ ಬರಬೇಕು. ಹೀಗಾಗಿ 4 ಮಿ.ಮೀ. ಕನ್ನಡಿಯಿಂದ ಕೊನೆಗೆ ಸಿಗುವುದು 85ರ ಆಸುಪಾಸು.

ಬೆಳ್ಳಿ ಎಲ್ಲಿದೆ ಅಂತ ನೋಡುವುದು ಸುಲಭ. ಬೆರಳ ತುದಿಯನ್ನು ಕನ್ನಡಿಗೆ ಮುಟ್ಟಿಸಿ. ಸಾದಾ ಕನ್ನಡಿಯಲ್ಲಿ ಬೆರಳಿಗೂ ಒಳಗಿನ ಬೆರಳಿಗೂ ನಡುವೆ ಸಂದು ಕಾಣುತ್ತದೆ, ಅದು ಗಾಜಿನ ದಪ್ಪ. ಝೆರಾಕ್ಸ್ ಮಷಿನ್ನಿನ ಪಟ್ಟಿಯಲ್ಲಿ ಎರಡು ಬೆರಳೂ ಕೂಡಿಕೊಂಡುಬಿಡುತ್ತವೆ. ಅದರಲ್ಲಿ ಲೇಪ ಮುಂದುಗಡೆಯೇ ಇದೆ. ರಾತ್ರಿ ಒಂದು ಮೇಣದಬತ್ತಿ ಹಚ್ಚಿ ಸಾದಾ ಕನ್ನಡಿಯನ್ನು ಬಹಳ ಓರೆಯಾಗಿ ನೋಡಿ. ಒಂದು ಜ್ವಾಲೆ ಅಲ್ಲ, ಸಾಲು ಜ್ವಾಲೆ ಕಾಣುತ್ತವೆ. ಮೊದಲನೆಯದು ಮಂಕು, ಅದು ಗಾಜಿನ ಮುಂಭಾಗ ವಾಪಸ್ ಕಳಿಸಿದ ಸುಮಾರು 4ರಷ್ಟು ಬೆಳಕಿನದು. ಓರೆಯಾದಷ್ಟೂ ಈ ಪಾಲು ಏರುತ್ತದೆ. ಎರಡನೆಯದು ಎಲ್ಲಕ್ಕಿಂತ ಪ್ರಖರ, ಅದು ಬೆಳ್ಳಿಯದು. ಅದರ ಹಿಂದೆ ಒಂದಕ್ಕಿಂತ ಒಂದು ಮಸುಕಾದ ಜ್ವಾಲೆಗಳು, ಗಾಜಿನೊಳಗೇ ಹಿಂದೆ ಮುಂದೆ ಓಡಾಡಿ ಬಂದಂಥವು. ದೊಡ್ಡಪ್ಪನ ಮೊಮ್ಮಗಳು ಇದನ್ನು ನೋಡುತ್ತ ಬಹಳ ಹೊತ್ತು ಅಲ್ಲೇ ಕುಳಿತಳು.

ಚಿತ್ರ ಸ್ಪಷ್ಟ ಬೇಕು ಅನ್ನುವ ಟೆಲಿಸ್ಕೋಪು, ಸ್ಕ್ಯಾನರಿಗೆ ಈ ಸಾಲು ಚಿತ್ರಗಳು ತೊಂದರೆ. ಅದಕ್ಕೇ ಅವು ಮುಂದೆ ಲೇಪ ಇರುವ ಕನ್ನಡಿ ಬಳಸುತ್ತವೆ. ನನಗೆ ಬೇಕಿದ್ದದ್ದು ಚಿತ್ರವಲ್ಲ, ಬೆಳಕು. ಮೇಲಾಗಿ ನಮ್ಮ ಕಡೆಯ ದೂಳಿಗೆ ಮುಂದಿನ ಲೇಪ ಒರೆಸಿ ಒರೆಸಿ ಕೆಲವೇ ತಿಂಗಳಲ್ಲಿ ಹಾಳು. ಮಾಳಿಗೆ ಮೇಲೆ ಹಿಂದೆ ಬೆಳ್ಳಿ ಇರುವ ಸಾದಾ ಕನ್ನಡಿಯೇ ಸರಿ.

ದುಂಡು ಕನ್ನಡಿ ನೋಡಿ ದೊಡ್ಡಪ್ಪ ಹೇಳಿದರು: "ತಮ್ಮಾ, ಇದನ್ನ ಮ್ಯಾಲೆ ಇಡಪಾ. ಬೆಳಕು ಒಂದ ಕಡೆ ಕೂಡಿ ಭಾಳ ಬರ್ತೈತಿ."

ಎಲ್ಲರಿಗೂ ಮೊದಲು ಹಾಗೇ ಅನ್ನಿಸುತ್ತದೆ. ಅದು ಒಳಕ್ಕೆ ತಗ್ಗಾದ ಕನ್ನಡಿ, ಶಾಲೆ ಪುಸ್ತಕದ ನಿಮ್ನ ದರ್ಪಣ. ಬಿಸಿಲಿಗೆ ಹಿಡಿದು ಒಂದು ರಟ್ಟನ್ನು ಹಿಂದೆ ಮುಂದೆ ಸರಿಸಿದೆ. 40 ಸೆಂ.ಮೀ. ದೂರಕ್ಕೆ ಬೆಳಕು 4 ಮಿ.ಮೀ. ಚುಕ್ಕೆಯಾಯಿತು, ರಟ್ಟಿನಿಂದ ಹೊಗೆ ಎದ್ದಿತು. ಅಲ್ಲಿಗೆ ಸಂಗಮ ದೂರ, ಅಂದರೆ ಕನ್ನಡಿಯಿಂದ ಬೆಳಕು ಕೂಡುವ ಜಾಗದವರೆಗಿನ ದೂರ, 40 ಸೆಂ.ಮೀ. ಕನ್ನಡಿಯ ಬಾಗು ಯಾವ ದೊಡ್ಡ ಗೋಳದ ತುಂಡೋ ಅದರ ತ್ರಿಜ್ಯ ಇದರ ಎರಡರಷ್ಟು, ಅಂದರೆ 80 ಸೆಂ.ಮೀ. ರಟ್ಟನ್ನು ಇನ್ನೂ ಹಿಂದಕ್ಕೆ ಒಯ್ದಾಗ ಚುಕ್ಕೆ ಮತ್ತೆ ಅಗಲವಾಗುತ್ತ ಹೋಯಿತು. 80 ಸೆಂ.ಮೀ.ಗೆ ಕನ್ನಡಿಯಷ್ಟೇ ಅಗಲ, 4 ಮೀಟರಿಗೆ ಅದರ ಒಂಬತ್ತರಷ್ಟು ಅಗಲದ ಮಂಕು ಬೆಳಕು.

"ದೊಡ್ಡಪ್ಪ, ಕೂಡೋದು ಆ ಒಂದು ಜಾಗದಾಗ ಅಷ್ಟ ರೀ. ಆ ಜಾಗ ದಾಟಿದ್ರ ಚೆದರಿ ಹೊಕ್ಕೈತಿ," ಅಂದೆ. ರಟ್ಟಿನ ಕರಿ ಕಲೆ ಮುಟ್ಟಿ ನೋಡಿ ಅವರೇ ಆ ಕನ್ನಡಿಯನ್ನು ಒಳಗೆ ಒಯ್ದು ಬೋರಲು ಹಾಕಿದರು. ಅದು ಬಹಳ ಮುಖ್ಯ. ಮಾಳಿಗೆ ಮೇಲೆ ಮೆಣಸಿನಕಾಯಿ ಒಣಗುತ್ತಿರುತ್ತದೆ, ಪಕ್ಕದಲ್ಲಿ ಬಣವೆ. ತಗ್ಗು ಕನ್ನಡಿಯನ್ನು ಬಿಸಿಲಲ್ಲಿ ಬಿಟ್ಟು ಹೋಗಲೇಬಾರದು. ಇನ್ನು ಬೆಳಕು ಎಷ್ಟು ಸಿಗುತ್ತದೆ ಅನ್ನುವುದು ಕನ್ನಡಿಯ ಅಗಲದ ಮಾತು. ಎಷ್ಟು ಬಿಸಿಲು ಹಿಡಿಯಿತೋ ಅಷ್ಟೇ ಕೊಡುತ್ತದೆ. ಬಾಗಿಸಿದರೆ ಜಾಸ್ತಿ ಆಗುವುದಿಲ್ಲ.

ಬೈಕಿನ ಕನ್ನಡಿ ಇದಕ್ಕೆ ಉಲ್ಟಾ. ಹೊರಕ್ಕೆ ಉಬ್ಬಿದ ಪೀನ ದರ್ಪಣ. ಎಲ್ಲೂ ಕೂಡಿಸುವುದಿಲ್ಲ, ಮೊದಲ ಇಂಚಿನಿಂದಲೇ ಹರಡುತ್ತದೆ. ಅದಕ್ಕೇ ಅದರಲ್ಲಿ ಹಿಂದಿನ ರಸ್ತೆ ಪೂರ್ತಿ ಕಾಣುತ್ತದೆ, ಲಾರಿ ಇರುವುದಕ್ಕಿಂತ ದೂರ ಇದ್ದಂತೆ ಕಾಣುತ್ತದೆ. ದೂರದ ಗೋಡೆಯಲ್ಲಿ ತಗ್ಗು ಕನ್ನಡಿಯೂ ಉಬ್ಬು ಕನ್ನಡಿಯೂ ಬೆಳಕು ಹರಡುತ್ತವೆ. ಆದರೆ ಒಂದಕ್ಕೆ ದಾರಿಯಲ್ಲಿ ಸುಡುವ ಜಾಗ ಇದೆ, ಇನ್ನೊಂದಕ್ಕೆ ಇಲ್ಲ. ಮನೆಯೊಳಗೆ ಬೆಳಕು ಹರಡಲು ಯಾವುದು ಬೇಕು ಅನ್ನುವುದು ಅಲ್ಲಿಗೆ ತೀರ್ಮಾನವಾಯಿತು.

ಸಾದಾ ಕನ್ನಡಿ ನಿಜವಾಗಿ ಸಪಾಟೇ?

ಇದು ನನಗೆ ಬಹಳ ಇಷ್ಟವಾದ ಪರೀಕ್ಷೆ. ಸೂರ್ಯ ಒಂದು ಚುಕ್ಕೆಯಲ್ಲ. ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ಎಂಥ ಸಪಾಟು ಕನ್ನಡಿಯಾದರೂ ಬೆಳಕು ಹೋದಷ್ಟು ದೂರ ಸ್ವಲ್ಪ ಅಗಲವಾಗುತ್ತದೆ. ಸುಮಾರು 107 ಸೆಂ.ಮೀ.ಗೆ ಒಂದು ಸೆಂ.ಮೀ. ಅಂದರೆ 10 ಮೀಟರಿಗೆ 9 ಸೆಂ.ಮೀ. ಮೇಲೆ. ಕನ್ನಡಿಗೆ ಪೇಪರ್ ಅಂಟಿಸಿ, ಅದರಲ್ಲಿ ಒಂದು ಸೆಂ.ಮೀ. ಚೌಕದ ತೂತು ಬಿಟ್ಟೆ. ಕೈಗೆ ಸಿಗುವ ದೂರದಲ್ಲಿ ಗೋಡೆ ಮೇಲೆ ಚೌಕ ಬೆಳಕು ಬಿತ್ತು. 10 ಮೀಟರ್ ಆಚೆಯ ಗೋಡೆಯಲ್ಲಿ ಅದೇ ಬೆಳಕು ದುಂಡಗೆ! ತೂತಿನ ಆಕಾರ ಹೋಗಿ ಸೂರ್ಯನ ಬಿಂಬವೇ ಅಲ್ಲಿ ಮೂಡಿತ್ತು. ಹಂಪಿಯ ವಿರೂಪಾಕ್ಷ ಗುಡಿಯ ಹಿಂದಿನ ಕೋಣೆಯಲ್ಲಿ ಗೋಪುರ ತಲೆಕೆಳಗಾಗಿ ಗೋಡೆ ಮೇಲೆ ಬೀಳುತ್ತದಲ್ಲ, ಅಲ್ಲಿ ಕಿಂಡಿ ಮಾಡುವ ಕೆಲಸವನ್ನೇ ಇಲ್ಲಿ ಚಿಕ್ಕ ಕನ್ನಡಿ ಮಾಡುತ್ತದೆ. ಗ್ರಹಣದ ದಿನ ಮಕ್ಕಳಿಗೆ ತೋರಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಸೂರ್ಯನ ಕಡೆಗೆ ಬೆನ್ನು ಹಾಕಿ ಗೋಡೆ ನೋಡಿದರೆ ಆಯಿತು.

ಈಗ ಪೇಪರ್ ತೆಗೆದು ಪೂರ್ತಿ ಕನ್ನಡಿಯ ಬೆಳಕನ್ನು ಆ ಗೋಡೆಗೆ ಹೊಡೆದು ಅಳೆಯಿರಿ. ಕನ್ನಡಿಗಿಂತ 9 ಸೆಂ.ಮೀ. ಜಾಸ್ತಿ ಇದ್ದರೆ ಸಪಾಟು. ಅದಕ್ಕಿಂತ ಕಡಿಮೆ ಇದ್ದರೆ ಕನ್ನಡಿ ತಗ್ಗು ಬಾಗಿದೆ. ಜಾಸ್ತಿ ಇದ್ದರೆ ಉಬ್ಬಿದೆ. ಅಲ್ಮೆರಾದ 3 ಮಿ.ಮೀ. ಕನ್ನಡಿ ಒಂದು ಕಡೆ ಕುಗ್ಗಿ, ಇನ್ನೊಂದು ಕಡೆ ಹಿಗ್ಗಿ, ನೀರಿನ ಅಲೆಯಂಥ ನೆರಳು ತೋರಿಸಿತು. ಮುಖ ನೋಡಿಕೊಳ್ಳುವಾಗ ಇದು ಗೊತ್ತೇ ಆಗುವುದಿಲ್ಲ. ಅದನ್ನು ಬಿಟ್ಟು, ಜವಾಹರ ರಸ್ತೆ ಕಡೆಯ ಗ್ಲಾಸ್ ಅಂಗಡಿಯಿಂದ 4 ಮಿ.ಮೀ. ಕನ್ನಡಿ ಕತ್ತರಿಸಿ ತಂದೆ: ಒಂದು 35×60 ಸೆಂ.ಮೀ., ಇನ್ನೊಂದು 35×45.

ಎರಡು ಕನ್ನಡಿ ಯಾಕೆ?

ಒಂದೇ ಕನ್ನಡಿಯಿಂದ ಬಿಸಿಲನ್ನು ನೇರ ಕೆಳಗೆ ತಿರುಗಿಸಬಹುದು ಅಲ್ವಾ ಅಂತ ಕೇಳಬಹುದು. ಸೂರ್ಯ ಓರೆಯಲ್ಲಿದ್ದಾಗ ಸರಿ. ನೆತ್ತಿಗೆ ಬಂದಂತೆ ಕನ್ನಡಿಯನ್ನು ಹೆಚ್ಚು ಹೆಚ್ಚು ನೆಟ್ಟಗೆ ನಿಲ್ಲಿಸಬೇಕಾಗುತ್ತದೆ. ಕೊನೆಗೆ ಅದು ಬಿಸಿಲಿಗೆ ಬರೀ ಅಂಚು ತೋರಿಸಿ ನಿಲ್ಲುತ್ತದೆ, ಬೆಳಕು ಹಿಡಿಯುವುದೇ ಇಲ್ಲ. ನಮ್ಮ ಕಡೆ ಸೂರ್ಯ ನೆತ್ತಿಯ ಹತ್ತಿರವೇ ಓಡಾಡುವುದರಿಂದ ಇದು ದೊಡ್ಡ ಅಡ್ಡಿ.

ಎರಡನೇ ಅಡ್ಡಿ ಸೂರ್ಯನ ಓಟ. ಗಂಟೆಗೆ 15 ಡಿಗ್ರಿ. ಕನ್ನಡಿ ಅಲ್ಲಾಡದೆ ನಿಂತರೆ ಬೆಳಕೂ ಗಂಟೆಗೆ 15 ಡಿಗ್ರಿ ಸರಿಯುತ್ತದೆ. ಎರಡು ಮೀಟರ್ ದಾರಿಯಲ್ಲಿ ಕಾಲು ಗಂಟೆಗೇ 13 ಸೆಂ.ಮೀ. ಸರಿದು ಅರ್ಧ ಕಿಂಡಿ ಖಾಲಿ. ಕನ್ನಡಿಯನ್ನು ತಿರುಗಿಸುತ್ತ ಹೋಗಬೇಕು. ಆದರೆ ಸೂರ್ಯನ ವೇಗದಲ್ಲಿ ಅಲ್ಲ. ಕನ್ನಡಿಯನ್ನು ಒಂದು ಡಿಗ್ರಿ ತಿರುಗಿಸಿದರೆ ಬೆಳಕು ಎರಡು ಡಿಗ್ರಿ ತಿರುಗುತ್ತದೆ. ಹಾಗಾಗಿ ಅರ್ಧ ವೇಗ ಸಾಕು, ಗಂಟೆಗೆ ಏಳೂವರೆ ಡಿಗ್ರಿ. ತಿರುಗುವ ಅಚ್ಚು ಭೂಮಿಯ ಅಚ್ಚಿಗೆ ಸಮಾಂತರವಾಗಿರಬೇಕು, ಕನ್ನಡಿಯ ಮುಖವೂ ಆ ಅಚ್ಚಿಗೆ ಸಮಾಂತರವಾಗಿರಬೇಕು. ಆಗ ಬೆಳಕು ಒಂದೇ ಕಡೆ ನಿಂತುಬಿಡುತ್ತದೆ.

ಇದಕ್ಕೆ ಸೀಲೋಸ್ಟಾಟ್ ಅನ್ನುತ್ತಾರೆ. ಫ್ರಾನ್ಸಿನ ಗೇಬ್ರಿಯಲ್ ಲಿಪ್‌ಮನ್ 1895ರಲ್ಲಿ ಇದರ ಲೆಕ್ಕ ಬಿಡಿಸಿಟ್ಟರು. ಕೊಡೈಕೆನಾಲ್‌ನ ಸೌರ ವೀಕ್ಷಣಾಲಯದ ಗೋಪುರದ ಮೇಲೂ ಇಂಥದ್ದೇ ಕನ್ನಡಿಗಳಿವೆ. ಅವು ಸೂರ್ಯನ ಬೆಳಕನ್ನು ಹಿಡಿದು ಕೆಳಗಿನ ಉಪಕರಣಕ್ಕೆ ಇಳಿಸುತ್ತವೆ. ಅಲ್ಲಿ ಸೂರ್ಯನನ್ನು ಓದಲು, ಇಲ್ಲಿ ಜೋಳ ಹಸನು ಮಾಡಲು. ಕೆಲಸ ಯಾವುದೇ ಇರಲಿ, ಕನ್ನಡಿಯ ನಡತೆ ಒಂದೇ.

ನನ್ನ ಏರ್ಪಾಡು ಹೀಗಿದೆ. ಕಿಂಡಿಯ ಪೂರ್ವಕ್ಕೆ 1.2 ಮೀಟರ್ ದೂರದಲ್ಲಿ ತಿರುಗುವ ದೊಡ್ಡ ಕನ್ನಡಿ. ಅದು ಬಿಸಿಲನ್ನು ಹಿಡಿದು ಅಡ್ಡಡ್ಡಲಾಗಿ ಪಶ್ಚಿಮಕ್ಕೆ ಕಳಿಸುತ್ತದೆ. ಕಿಂಡಿಯ ಮೇಲೆ ಸುಮಾರು 45 ಡಿಗ್ರಿ ವಾಲಿಸಿದ ಎರಡನೇ ಕನ್ನಡಿ ಅದನ್ನು ಕೆಳಗೆ ಇಳಿಸುತ್ತದೆ. ದೊಡ್ಡ ಕನ್ನಡಿ 60 ಸೆಂ.ಮೀ. ಯಾಕೆ ಅಂದರೆ, ಬೆಳಿಗ್ಗೆ ಬೆಳಕು ಅದಕ್ಕೆ 60 ಡಿಗ್ರಿ ಓರೆಯಾಗಿ ಬೀಳುತ್ತದೆ. ಆಗ 60 ಸೆಂ.ಮೀ. ಕನ್ನಡಿ ಹಿಡಿಯುವುದು 30 ಸೆಂ.ಮೀ. ಅಗಲದ ಬೆಳಕನ್ನು ಮಾತ್ರ.

ಕಟ್ಟಿದ್ದು

ಮೊದಲು ಉತ್ತರ ದಿಕ್ಕು ಬೇಕು. ಕಬ್ಬಿಣದ ಹತ್ತಿರ ಮೊಬೈಲ್ ದಿಕ್ಸೂಚಿ ನಂಬಬೇಡಿ. ಮಾಳಿಗೆ ಮೇಲೆ ಒಂದು ಕೋಲು ನೆಟ್ಟಗೆ ನಿಲ್ಲಿಸಿ, ಸುತ್ತ ಸುಣ್ಣದಲ್ಲಿ ಒಂದು ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತ ಮುಟ್ಟಿದಲ್ಲಿ ಒಂದು ಗುರುತು, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿದಲ್ಲಿ ಇನ್ನೊಂದು ಗುರುತು. ಎರಡನ್ನೂ ಸೇರಿಸಿದರೆ ಪೂರ್ವ-ಪಶ್ಚಿಮ. ಗುಡಿ ಕಟ್ಟುವವರು ಹಿಂದಿನಿಂದ ಮಾಡಿಕೊಂಡು ಬಂದ ವಿಧಾನ ಇದು.

ಕೊಪ್ಪಳದ ಅಕ್ಷಾಂಶ 15.35 ಡಿಗ್ರಿ. ಅಚ್ಚಿನ ಉತ್ತರದ ತುದಿ ಅಷ್ಟೇ ಡಿಗ್ರಿ ಮೇಲಕ್ಕೆ ಇರಬೇಕು. 60 ಸೆಂ.ಮೀ. ಅಡಿಪಟ್ಟಿಗೆ ಉತ್ತರದ ಕಾಲು ದಕ್ಷಿಣದ ಕಾಲಿಗಿಂತ 16.5 ಸೆಂ.ಮೀ. ಎತ್ತರ. ರಾತ್ರಿ ಅಚ್ಚಿನ ಗುಂಟ ಕಣ್ಣಿಟ್ಟು ನೋಡಿದರೆ ಧ್ರುವ ನಕ್ಷತ್ರ ಎದುರಿಗೇ ಕಾಣಬೇಕು. ಬಾನಂಚಿಗೆ ಅಷ್ಟು ಹತ್ತಿರ ಇರುವುದರಿಂದ ಮರ ಮನೆ ಮರೆಯಾಗುತ್ತದೆ, ಆದರೆ ಮಾಳಿಗೆ ಮೇಲಿಂದ ಕಂಡಿತು. ಬಳ್ಳಾರಿಯವರು 15.15 ಡಿಗ್ರಿ, ರಾಯಚೂರಿನವರು 16.2 ಡಿಗ್ರಿ ಇಟ್ಟುಕೊಳ್ಳಿ.

ಆಂಗಲ್ ಪಟ್ಟಿಯ ಚೌಕಟ್ಟನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆ. ಬೇರಿಂಗ್ ಬದಲು ಎರಡು ಹಳೇ ಸೈಕಲ್‌ನ ಮುಂದಿನ ಹಬ್. ಗ್ರೀಸ್ ಹಾಕಿ, ಕೋನ್ ನಟ್ಟು ಸರಿ ಮಾಡಿದರೆ ಒಂಚೂರೂ ಅಲುಗಾಟವಿಲ್ಲದೆ ತಿರುಗುತ್ತವೆ. 4 ಮಿ.ಮೀ. ಗಾಜು ಚದರ ಮೀಟರಿಗೆ 10 ಕೆ.ಜಿ. ದೊಡ್ಡ ಕನ್ನಡಿ ಎರಡು ಕೆ.ಜಿ.ಗಿಂತ ಸ್ವಲ್ಪ ಮೇಲೆ ಬಂತು. ಅದರ ಭಾರ ಅಚ್ಚಿನ ಎರಡೂ ಕಡೆ ಸಮ ಇದ್ದರೆ ಒಂದು ಬೆರಳಿಗೆ ತಿರುಗುತ್ತದೆ. ಸಮ ಇಲ್ಲದಿದ್ದರೆ ಚಿಕ್ಕ ಮೋಟಾರು ಎಳೆಯುವುದಿಲ್ಲ.

ಕನ್ನಡಿ ಕೂರಿಸುವುದು ನಾಜೂಕಿನ ಕೆಲಸ. ಮೂರೇ ಬಿಂದುಗಳ ಮೇಲೆ ಕೂರಬೇಕು. ನಾಲ್ಕನೇ ಬಿಂದು ಕೊಟ್ಟರೆ ಚೌಕಟ್ಟು ಎಳೆದ ಹಾಗೆ ಗಾಜು ತಿರುಚುತ್ತದೆ. ಬೆಳಕನ್ನು ದೂರದ ಗೋಡೆಗೆ ಹೊಡೆದಿಟ್ಟು, ಅದನ್ನೇ ನೋಡುತ್ತ ಕ್ಲಿಪ್ಪಿನ ಸ್ಕ್ರೂ ಬಿಗಿ ಮಾಡಿದೆ. ಕಾಲು ಸುತ್ತು ಜಾಸ್ತಿ ಆದರೆ ಸಾಕು, ಗೋಡೆ ಮೇಲಿನ ಬೆಳಕಿನ ಒಂದು ಮೂಲೆ ಒಳಕ್ಕೆ ಎಳೆದುಕೊಂಡು ಅಲ್ಲಿ ಪ್ರಖರ ಗೆರೆ ಮೂಡುತ್ತಿತ್ತು. ಸಡಿಲ ಮಾಡಿದರೆ ಮತ್ತೆ ಚೌಕ. ಗಾಜು ಬಾಗಿದ್ದು ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಹತ್ತು ಮೀಟರ್ ಆಚೆಯ ಬೆಳಕು ತಕ್ಷಣ ಹೇಳುತ್ತದೆ.

ಕನ್ನಡಿಯ ಅಂಚಿಗೆ ಸಿಲಿಕೋನ್ ಹಚ್ಚಲೇಬೇಕು. ಇಲ್ಲದಿದ್ದರೆ ಪಸೆ ಒಳನುಗ್ಗಿ ಬೆಳ್ಳಿ ಕರ್ರಗಾಗುತ್ತದೆ. ಆದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ, ವಿನೆಗರ್‌ನಂಥ ಹುಳಿ ವಾಸನೆಯ ಸಿಲಿಕೋನ್ ಬೇಡ. ಆ ಆಮ್ಲವೇ ಬೆಳ್ಳಿಯನ್ನು ತಿನ್ನುತ್ತದೆ. 'ನ್ಯೂಟ್ರಲ್' ಅಂತ ಬರೆದದ್ದನ್ನೇ ಕೇಳಿ ತನ್ನಿ.

ತಿರುಗಿಸಲು 8 ಮಿ.ಮೀ. ಥ್ರೆಡ್ ರಾಡ್. ಒಂದು ಸುತ್ತಿಗೆ ನಟ್ಟು 1.25 ಮಿ.ಮೀ. ಮುಂದೆ ಹೋಗುತ್ತದೆ. ಅಚ್ಚಿನಿಂದ 28.6 ಸೆಂ.ಮೀ. ದೂರಕ್ಕೆ ತೋಳು ಇಟ್ಟು, ಅದರ ತುದಿಗೆ ಹಿಂಜ್ ಮೇಲೆ ನಟ್ಟು ಕೂರಿಸಿದರೆ ಎರಡು ನಿಮಿಷಕ್ಕೆ ಸರಿಯಾಗಿ ಒಂದು ಸುತ್ತು. ಈ ಅಳತೆಯನ್ನು ಬೇಕಂತಲೇ ಇಟ್ಟೆ. ಮೋಟಾರು ಕೆಟ್ಟರೂ ದೊಡ್ಡಪ್ಪ ಕೈಯಲ್ಲೇ ಹತ್ತು ನಿಮಿಷಕ್ಕೆ ಐದು ಸುತ್ತು ತಿರುಗಿಸಬಹುದು. ಮೋಟಾರು 28ಬಿವೈಜೆ-48, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಚಿಕ್ಕ ಸ್ಟೆಪರ್. ಆರ್ಡುಯಿನೋ ನ್ಯಾನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಅದನ್ನು ಓಡಿಸುತ್ತದೆ, ಪವರ್ ಬ್ಯಾಂಕ್‌ನಿಂದ ಕರೆಂಟ್. ಸುತ್ತಿಗೆ 2048 ಹೆಜ್ಜೆ, ಹೆಜ್ಜೆಗೆ ಸುಮಾರು 58.6 ಮಿಲಿಸೆಕೆಂಡ್. ನೇರ ರಾಡಿನಿಂದ ವೃತ್ತದ ಚಲನೆ ಮಾಡಿಸುವುದರಿಂದ ಎರಡೂ ಕೊನೆಗೆ ಸ್ವಲ್ಪ ತಪ್ಪು ಬರುತ್ತದೆ. 15 ಡಿಗ್ರಿ ಹೋದಾಗ ಮೂರನೇ ಒಂದು ಡಿಗ್ರಿ. ಅಷ್ಟಕ್ಕೆ ಬೆಳಕು ಎರಡು ಮೂರು ಸೆಂ.ಮೀ. ಸರಿಯುತ್ತದೆ, ನಡೆಯುತ್ತದೆ.

ಮಧ್ಯದಿಂದ ಆಚೆ ಈಚೆ 15 ಡಿಗ್ರಿ ಅಂದರೆ ಒಟ್ಟು ನಾಲ್ಕು ಗಂಟೆ ಬೆಳಕು. ಮಧ್ಯ ಅಂದರೆ ಗಡಿಯಾರದ 12 ಅಲ್ಲ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, ಕೊಪ್ಪಳ 76.15ರಲ್ಲಿದೆ. ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕದಲ್ಲಿ ನಮ್ಮ ನಡುಮಧ್ಯಾಹ್ನ ಸರಾಸರಿ 12:25. ಫೆಬ್ರವರಿಯಲ್ಲಿ 12:40ರ ಹತ್ತಿರ ಹೋಗುತ್ತದೆ, ನವೆಂಬರ್ ಶುರುವಿನಲ್ಲಿ 12:10ರ ಹತ್ತಿರ ಬರುತ್ತದೆ.

ಒಳಗಿನ ಕೆಲಸ

ಮೇಲಿನ ಎರಡು ಕನ್ನಡಿ ಸರಿ ಕೂತಾಗ ನಡುಮನೆಯ ನೆಲದ ಮೇಲೆ ಒಂದು ಅಡಿ ಚೌಕದ ಬಿಸಿಲು ಬಿತ್ತು. ಅಷ್ಟೇ. ಅದರ ಸುತ್ತ ಮೊದಲಿಗಿಂತ ಕತ್ತಲು ಅನ್ನಿಸಿತು, ಕಣ್ಣು ಆ ಚೌಕಕ್ಕೆ ಹೊಂದಿಕೊಂಡುಬಿಡುತ್ತದಲ್ಲ. ಸಪಾಟು ಕನ್ನಡಿಯ ಗುಣವೇ ಅದು. ಬೆಳಕನ್ನು ಕೆಡದಂತೆ ಸಾಗಿಸುತ್ತದೆ, ಹಂಚುವುದಿಲ್ಲ.

ಹಂಚಲು ಉಬ್ಬು ಕನ್ನಡಿ. ಬೈಕಿನದು ಚಿಕ್ಕದು. ಪಾರ್ಕಿಂಗ್ ತಿರುವಿನಲ್ಲಿ ಹಾಕುವ 45 ಸೆಂ.ಮೀ. ಅಕ್ರಿಲಿಕ್ ಕನ್ನಡಿ ತರಿಸಿದೆ. ಉಬ್ಬು ಕನ್ನಡಿ ಬೆಳಕನ್ನು ಎಲ್ಲೂ ಕೂಡಿಸದ ಕಾರಣ ಅದರ ಸಂಗಮ ದೂರ ರಟ್ಟಿನಿಂದ ನೇರ ಸಿಗುವುದಿಲ್ಲ. ಆದರೆ ಉಪಾಯ ಇದೆ. ಕನ್ನಡಿಗೆ 5 ಸೆಂ.ಮೀ. ದುಂಡು ತೂತಿನ ಪೇಪರ್ ಹೊದಿಸಿ, ಬಿಸಿಲಿಗೆ ಹಿಡಿದು, ಬೆಳಕು 10 ಸೆಂ.ಮೀ. ಆಗುವ ದೂರ ಅಳೆಯಿರಿ. ಎರಡು ಪಟ್ಟು ಅಗಲ ಆದ ದೂರವೇ ಸಂಗಮ ದೂರ. ನನ್ನದು 30 ಸೆಂ.ಮೀ. ಬಂತು.

ಅದನ್ನು ಕಿಂಡಿಯ ಕೆಳಗೆ, ಆಳೆತ್ತರಕ್ಕಿಂತ ಮೇಲೆ, ಜಂತಿಗೆ ತೂಗುಹಾಕಿ ಗೋಡೆ ಕಡೆಗೆ ವಾಲಿಸಿದೆ. ಗೋಡೆ ಎರಡೂವರೆ ಮೀಟರ್ ದೂರ. ಒಂದು ಅಡಿ ಬೆಳಕು ಇಡೀ ಗೋಡೆ ತುಂಬಿತು. ಆದರೆ ದುಂಡಗೆ ಅಲ್ಲ. ಅಡ್ಡ ಎರಡು ಮೀಟರ್, ಉದ್ದಕ್ಕೆ ಗೋಡೆಯನ್ನೂ ಮೀರಿ ಮೇಲೆ ಜಂತಿಗೆ, ಕೆಳಗೆ ನೆಲಕ್ಕೆ. ಬಾಗಿದ ಕನ್ನಡಿಗೆ ಬೆಳಕು ಓರೆಯಾಗಿ ಬಿದ್ದರೆ ವಾಲಿದ ದಿಕ್ಕಿನಲ್ಲಿ ಅದು ಜಾಸ್ತಿ ಬಾಗಿದಂತೆ, ಅಡ್ಡ ದಿಕ್ಕಿನಲ್ಲಿ ಕಡಿಮೆ ಬಾಗಿದಂತೆ ವರ್ತಿಸುತ್ತದೆ. 45 ಡಿಗ್ರಿಗೆ ಎರಡರ ನಡುವೆ ಎರಡು ಪಟ್ಟು ವ್ಯತ್ಯಾಸ. ನಮಗೆ ಇದರಿಂದ ಲಾಭವೇ ಆಯಿತು. ಕಪ್ಪಗಿದ್ದ ತೊಲೆಯ ಕೆತ್ತನೆ ಕಾಣಿಸಿತು.

ದೊಡ್ಡವ್ವ ಮೊರ ಹಿಡಿದು ಕೂತು ನೋಡಿದಳು. "ಬೆಳಕ ಚಲೋ ಐತಿ. ಆದ್ರ ನೆರಳ ಭಾಳ ಚೂಪ ಬೀಳ್ತೈತಿ, ಹಳ್ಳು ಯಾವ್ದು ಕಾಳು ಯಾವ್ದು ತಿಳಿವಲ್ದು. ಮ್ಯಾಲೆ ನೋಡಿದ್ರ ಕಣ್ಣು ಕುಕ್ಕತೈತಿ."

ಅವಳ ಮಾತು ಪೂರ್ತಿ ಸರಿ. ಉಬ್ಬು ಕನ್ನಡಿಯೊಳಗೆ ಸೂರ್ಯ 3 ಮಿ.ಮೀ. ಚುಕ್ಕೆಯಾಗಿ ಕಾಣುತ್ತಾನೆ. ಬೆಳಕೆಲ್ಲ ಆ ಚುಕ್ಕೆಯಿಂದ ಬಂದಂತೆ. ಚಿಕ್ಕ ಚುಕ್ಕೆಯಿಂದ ಬಂದ ಬೆಳಕಿನ ನೆರಳು ಚೂಪಾಗಿಯೇ ಇರುತ್ತದೆ. ಸುಣ್ಣದ ಹಲಗೆ ನೆನಪಾಗಿದ್ದು ಆಗ. ಕನ್ನಡಿಯನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿ, ಅದರ ಕೆಳ ಅಂಚಿಗೆ ಬಿಳಿ ಬಣ್ಣದ ತಗಡಿನ ಪಟ್ಟಿ ಕಟ್ಟಿದೆ. ಈಗ ಕೂತವರ ಕಣ್ಣಿಗೆ ಚುಕ್ಕೆ ಕಾಣುವುದಿಲ್ಲ, ನೆಲಕ್ಕೆ ನೇರ ಬೆಳಕೂ ಬೀಳುವುದಿಲ್ಲ. ಎಲ್ಲವೂ ಗೋಡೆಗೆ ಹೋಗಿ ಅಲ್ಲಿಂದ ಚೆದುರಿ ಬರುತ್ತದೆ. ಆ ಒಂದು ಗೋಡೆಗೆ ಹೊಸದಾಗಿ ಎರಡು ಕೈ ಸುಣ್ಣ ಬಳಿಸಿದೆವು. ದೊಡ್ಡವ್ವ ಮತ್ತೆ ಮೊರದ ಮುಂದೆ ಕೂತಳು. ಈ ಸಲ ಏನೂ ಹೇಳದೆ ಹಳ್ಳು ಆರಿಸತೊಡಗಿದಳು.

ಬೆಳಕು ಎಷ್ಟು? ತಿಳಿ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್, ಅಂದರೆ ಚದರ ಮೀಟರಿಗೆ ಒಂದು ಲಕ್ಷ ಲ್ಯೂಮೆನ್ ಬೆಳಕು. ಕಿಂಡಿ 0.09 ಚದರ ಮೀಟರ್. ಎರಡು ಕನ್ನಡಿ ದಾಟಿದಾಗ ಉಳಿಯುವುದು ನೂರಕ್ಕೆ 85, ಅದರಲ್ಲಿ ಮತ್ತೆ ನೂರಕ್ಕೆ 85, ಅಂದರೆ ನೂರಕ್ಕೆ 72ರಷ್ಟು. ಕಿಂಡಿಯ ಗಾಜಿನಲ್ಲಿ ಇನ್ನೊಂದಿಷ್ಟು ಕಳೆದರೂ 5,800 ಲ್ಯೂಮೆನ್ ಹತ್ತಿರ. 9 ವ್ಯಾಟ್‌ನ ಆರೇಳು ಎಲ್‌ಇಡಿ ಬಲ್ಬ್ ಹಚ್ಚಿದಷ್ಟು. ಜೊತೆಗೆ ಬರುವ ಶಾಖ ಎಷ್ಟು ಅಂತ ದೊಡ್ಡಪ್ಪನಿಗೆ ಚಿಂತೆ ಇತ್ತು. ಅದು 60 ವ್ಯಾಟ್ ಆಸುಪಾಸು, ಹಳೇ ಕಾಲದ ಒಂದು ಬುರುಡೆ ಬಲ್ಬಿನಷ್ಟು. ಮಾಳಿಗೆಯ ತಂಪಿಗೆ ಅದರಿಂದ ಏನೂ ಆಗುವುದಿಲ್ಲ.

ಇದನ್ನು ನೀವೂ ಕಟ್ಟುವುದಾದರೆ

ಸೂರ್ಯ ವರ್ಷದಲ್ಲಿ ಉತ್ತರ ದಕ್ಷಿಣ ಓಡಾಡುತ್ತಾನೆ. ದೊಡ್ಡ ಕನ್ನಡಿಯಿಂದ ಹೊರಡುವ ಬೆಳಕು ಅದಕ್ಕೆ ಉಲ್ಟಾ ವಾಲುತ್ತದೆ. ಜನವರಿಯಲ್ಲಿ ಅದು ಪಶ್ಚಿಮದಿಂದ 20 ಡಿಗ್ರಿ ಉತ್ತರಕ್ಕೆ ಹೋಗುತ್ತಿತ್ತು, ಹಾಗಾಗಿ ಚೌಕಟ್ಟನ್ನು 44 ಸೆಂ.ಮೀ. ದಕ್ಷಿಣಕ್ಕೆ ಸರಿಸಿ ಇಡಬೇಕಾಯಿತು. ಜೂನಿನಲ್ಲಿ 52 ಸೆಂ.ಮೀ. ಉತ್ತರಕ್ಕೆ ಬರಬೇಕು. ಅದಕ್ಕೇ ಚೌಕಟ್ಟಿನ ಕೆಳಗೆ ಎರಡು ಉದ್ದನೆ ಆಂಗಲ್ ಹಳಿ ಹಾಕಿದ್ದೇನೆ. ಮಾರ್ಚಿನಲ್ಲಿ ಸೂರ್ಯ ಅತಿ ವೇಗವಾಗಿ ಸರಿಯುವಾಗ ವಾರಕ್ಕೆ ಆರೇಳು ಸೆಂ.ಮೀ. ತಳ್ಳಿ, ಕಿಂಡಿ ಮೇಲಿನ ಕನ್ನಡಿಯ ವಾಲು ಒಂಚೂರು ತಿದ್ದಿದರೆ ಸಾಕು. ಜೂನ್, ಡಿಸೆಂಬರಿನಲ್ಲಿ ವಾರಗಟ್ಟಲೆ ಮುಟ್ಟುವುದೇ ಬೇಡ. ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರ ಕೊಪ್ಪಳದಲ್ಲಿ ಸೂರ್ಯ ನೆಟ್ಟಗೆ ನೆತ್ತಿಗೆ ಬರುತ್ತಾನೆ. ಆಗ ನಡುಮಧ್ಯಾಹ್ನ ಕನ್ನಡಿ ಎತ್ತಿಟ್ಟರೂ ಕಿಂಡಿಯಿಂದ ಬಿಸಿಲು ಬೀಳುತ್ತದೆ.

ಗಾಳಿಯ ಬಗ್ಗೆ ಎಚ್ಚರ. ಆಷಾಢದ ಗಾಳಿಗೆ ಈ ಅಗಲದ ಕನ್ನಡಿ ಹಾಯಿಯಂತೆ ಎಳೆಯುತ್ತದೆ. ಕೆಲಸ ಇಲ್ಲದಾಗ ಕನ್ನಡಿಯನ್ನು ಮಟ್ಟಸ ಮಾಡಿ ಪಿನ್ ಹಾಕಿ, ಮೇಲೆ ಗೋಣಿಚೀಲ ಹೊದಿಸಿ ಕಟ್ಟುತ್ತೇವೆ. ಗೋಣಿಚೀಲ ಮಂಗಗಳಿಗೂ ಬೇಕು. ಕನ್ನಡಿಯಲ್ಲಿ ಇನ್ನೊಂದು ಮಂಗ ಕಂಡರೆ ಅವು ಸುಮ್ನೆ ಬಿಡುವುದಿಲ್ಲ. ಬೆಳಕಿನ ದಾರಿಯ ಎರಡೂ ಪಕ್ಕಕ್ಕೆ ತಗಡು ನಿಲ್ಲಿಸಿದ್ದೇನೆ, ಪಕ್ಕದ ಮಾಳಿಗೆಯವರ ಕಣ್ಣಿಗೆ ಹೊಡೆಯಬಾರದು.

ಒರೆಸುವುದಕ್ಕೆ ಬೋರ್ ನೀರು ಬೇಡ. ಒಣಗಿದ ಮೇಲೆ ಬಿಳಿ ಕಲೆ ನಿಲ್ಲುತ್ತದೆ, ಆ ಕಲೆ ಬೆಳಕನ್ನು ಸುಣ್ಣದ ಹಾಗೇ ಚೆದುರಿಸುತ್ತದೆ. ಮೊದಲು ಒಣ ಬ್ರಷ್ಷಿನಿಂದ ದೂಳು ಕೊಡವಿ, ಆಮೇಲೆ ಫಿಲ್ಟರ್ ನೀರಿನಲ್ಲಿ ಅದ್ದಿದ ಹತ್ತಿ ಬಟ್ಟೆ. ದೂಳು ಇದ್ದಾಗಲೇ ಉಜ್ಜಿದರೆ ಗಾಜಿಗೆ ಗೀರು ಬೀಳುತ್ತದೆ. ಅಕ್ರಿಲಿಕ್ ಉಬ್ಬು ಕನ್ನಡಿಗಂತೂ ಇನ್ನೂ ಬೇಗ.

ಮುಂದಿನ ಕೆಲಸ ದೇವರ ಕೋಣೆಯದು. ಗೋಡೆಯಿಂದ ಚೆದುರಿದ ಬೆಳಕು ಅಲ್ಲಿಗೆ ಮುಟ್ಟುತ್ತಿಲ್ಲ. ಮಿಕ್ಕಿರುವ ಝೆರಾಕ್ಸ್ ಪಟ್ಟಿ ಕನ್ನಡಿಯನ್ನು ಉಬ್ಬು ಕನ್ನಡಿಯ ಮೇಲ್ಗಡೆ ಇಟ್ಟು, ಒಂದು ಬೆರಳಗಲದ ಬೆಳಕನ್ನು ಬಾಗಿಲ ಮೇಲಿನ ಕಿಂಡಿಯಿಂದ ಒಳಗೆ ಕಳಿಸಬೇಕು ಅಂತಿದ್ದೇನೆ. ಮನೆಯೊಳಗೆ ದೂಳು ಕಡಿಮೆ, ಹಾಗಾಗಿ ಮುಂದೆ ಲೇಪ ಇರುವ ಕನ್ನಡಿ ಅಲ್ಲಿ ಬಾಳಿಕೆ ಬರುತ್ತದೆ.